ಇಂಜಿನಿಯರಿಂಗ್ ಓದಲಿ, ಆದರೆ ಯಾವ ವಿಭಾಗ?

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕಿಗಾಗಿ ಕಾಯುವ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಫಾದರ್, ಇಂಜಿನಿಯರಿಂಗಿನಲ್ಲಿ ಈಗ ಯಾವುದಕ್ಕೆ ಸ್ಕೋಪ್ ಇದೆ?” ಕೇಳುವವರು ಹೆತ್ತವರು. ಓದಬೇಕಾದ ಮಗನೋ ಮಗಳೋ ಪಕ್ಕದಲ್ಲಿ ಮೌನವಾಗಿ ನಿಂತಿರುತ್ತಾರೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ: ಕಂಪ್ಯೂಟರ್ ಸಯನ್ಸ್. ನಾವು ತಲೆಯಾಡಿಸಿದರೆ ಸಾಕು, ಅವರಿಗೆ ಸಮಾಧಾನ.

ನಾವು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಕಲಿತವರು, ಇಂಜಿನಿಯರರಲ್ಲ. ಆದರೂ ಸುಮ್ಮನೆ ತಲೆಯಾಡಿಸುವುದು ಸರಿಯಲ್ಲವೆಂದು ತೋರುತ್ತದೆ. ತಪ್ಪು ವಿಭಾಗಕ್ಕೆ ಸೇರಿ ಎರಡನೇ ವರ್ಷದಲ್ಲೇ ಐದಾರು ಬ್ಯಾಕ್‌ಲಾಗ್ ಹೊತ್ತುಕೊಂಡು, ಮನೆಯಲ್ಲಿ ಹೇಳಲಾಗದೆ ಒಳಗೊಳಗೇ ಕುಸಿಯುವ ಮಕ್ಕಳು ಕೊನೆಗೆ ಬರುವುದು ನಮ್ಮ ಬಳಿಗೇ. ಆ ಹೊತ್ತಿಗೆ ತಾಯಿಯ ಬಂಗಾರ ಬ್ಯಾಂಕಿನಲ್ಲಿರುತ್ತದೆ, ಇಲ್ಲವೇ ಹಿತ್ತಲಿನ ಅಡಿಕೆ ತೋಟದ ಮೇಲೆ ಸಾಲ ಬಿದ್ದಿರುತ್ತದೆ. ಆದ್ದರಿಂದ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಕೋಪ್ ಎಂಬ ಲೆಕ್ಕಾಚಾರ

ಇವತ್ತಿನ ಸ್ಕೋಪ್ ನೋಡಿ ಸೇರುವ ವಿದ್ಯಾರ್ಥಿ ಕೆಲಸ ಕೇಳುವುದು ನಾಲ್ಕು ವರ್ಷ ಕಳೆದ ಮೇಲೆ. 1998–99ರಲ್ಲಿ ಕಂಪ್ಯೂಟರಿಗೆ ಮುಗಿಬಿದ್ದು ಸೇರಿದವರು ಹೊರಬರುವ ಹೊತ್ತಿಗೆ, 2001ರಲ್ಲಿ ಅಮೆರಿಕದ ಡಾಟ್‌ಕಾಮ್ ಕಂಪೆನಿಗಳು ಕುಸಿದಿದ್ದವು. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆಯ್ಕೆಯಾಗಿ ಪತ್ರ ಕೈಯಲ್ಲಿ ಹಿಡಿದಿದ್ದ ಎಷ್ಟೋ ಮಂದಿಗೆ ಕೆಲಸಕ್ಕೆ ಸೇರುವ ದಿನಾಂಕವೇ ಬರಲಿಲ್ಲ. ಮತ್ತೆ ಚೇತರಿಸಿತು, 2008–09ರಲ್ಲಿ ಮತ್ತೆ ಹಿಂಜರಿತ. ಕೊರೊನಾ ಕಾಲದಲ್ಲಿ ಐಟಿ ಕಂಪೆನಿಗಳು ಸಿಕ್ಕಸಿಕ್ಕವರನ್ನು ಸೇರಿಸಿಕೊಂಡವು. 2022ರ ಕೊನೆಯಿಂದ ಅದೇ ಕಂಪೆನಿಗಳು ಕೈ ಬಿಗಿ ಹಿಡಿದವು, ಪತ್ರ ಕೊಟ್ಟು ಕಾಯಿಸುವ ಹಳೆಯ ಕಥೆ ಮರುಕಳಿಸಿತು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು.

ಕಂಪ್ಯೂಟರ್ ಬೇಡವೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಇವತ್ತಿಗೂ ಅತಿ ಹೆಚ್ಚು ಮಂದಿಗೆ ಕ್ಯಾಂಪಸ್‌ನಲ್ಲೇ ಕೆಲಸ ಕೊಡುವುದು ಆ ಕ್ಷೇತ್ರವೇ. ಆದರೆ ಸ್ಕೋಪ್ ನಾಲ್ಕೈದು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಕಲಿತ ವಿಷಯದ ಜೊತೆ ಬಾಳಬೇಕಾದದ್ದು ಮೂವತ್ತೈದು, ನಲವತ್ತು ವರ್ಷ. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಮಾರುಕಟ್ಟೆಯ ಬಗ್ಗೆ ಆಗಿರದೆ ನಮ್ಮ ಮನೆಯ ಮಗುವಿನ ಬಗ್ಗೆ ಆಗಿರಲಿ. ಗಣಿತದಲ್ಲಿ ಅವನಿಗೆ ನಿಜವಾಗಿ ಮನಸ್ಸಿದೆಯೋ, ಕೇವಲ ಟ್ಯೂಶನ್ನಿನ ಬಲದಿಂದ ಅಂಕ ಬಂದಿದೆಯೋ? ಮಗಳಿಗೆ ಭೌತಶಾಸ್ತ್ರದ ಯಾವ ಪಾಠ ಇಷ್ಟವಾಯಿತು, ವಿದ್ಯುತ್ತಿನದೋ ಯಂತ್ರಶಾಸ್ತ್ರದ್ದೋ? ಮನೆಯಲ್ಲಿ ಪಂಪು ಕೆಟ್ಟರೆ ಬಿಚ್ಚಿ ನೋಡುವವನೋ, ಗಂಟೆಗಟ್ಟಲೆ ಒಂದೇ ಕಡೆ ಕುಳಿತು ಲೆಕ್ಕ ಬಿಡಿಸುವವನೋ? ಮೊಬೈಲು ಚೆನ್ನಾಗಿ ಒತ್ತಲು ಬರುತ್ತದೆ ಎಂಬುದು ಕಂಪ್ಯೂಟರ್ ಸಯನ್ಸ್‌ಗೆ ಅರ್ಹತೆಯಲ್ಲ. ಈ ಮಾತನ್ನು ಕಂಪ್ಯೂಟರ್ ಉಪನ್ಯಾಸಕರೊಬ್ಬರು ನಮಗೆ ನಗುತ್ತಲೇ ಹೇಳಿದರು. ಆದರೆ ಅವರ ತರಗತಿಯಲ್ಲಿ ಅನುತ್ತೀರ್ಣರಾಗುವವರ ಸಂಖ್ಯೆ ನಗುವಂಥದ್ದಾಗಿರಲಿಲ್ಲ.

ಬೇರಿನ ಶಾಖೆಗಳು, ಹೊಸ ಹೆಸರುಗಳು

ಕಾಲೇಜುಗಳ ಪಟ್ಟಿ ತೆರೆದರೆ ಇಂದು ಇಪ್ಪತ್ತು ಮೂವತ್ತು ಹೆಸರುಗಳು ಕಾಣುತ್ತವೆ. ಕೃತಕ ಬುದ್ಧಿಮತ್ತೆ ಮತ್ತು ಮೆಶಿನ್ ಲರ್ನಿಂಗ್, ಡೇಟಾ ಸಯನ್ಸ್, ಸೈಬರ್ ಸೆಕ್ಯುರಿಟಿ, ಹೀಗೆ. ಇವುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಸಯನ್ಸ್ ಎಂಬ ಒಂದೇ ಮರದ ಕೊಂಬೆಗಳು. ಮೊದಲ ಎರಡು ವರ್ಷಗಳ ಪಾಠಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಹುಪಾಲು ಒಂದೇ ಇರುತ್ತವೆ, ವ್ಯತ್ಯಾಸ ಬರುವುದು ಕೊನೆಯ ವರ್ಷಗಳ ಕೆಲವು ವಿಷಯಗಳಲ್ಲಿ. ಹೆಸರಿಗೆ ಮರುಳಾಗಿ ಹೆಚ್ಚು ಹಣ ಕೊಡುವ ಮೊದಲು ಪಠ್ಯಕ್ರಮ ತರಿಸಿ ನೋಡಿ. ಆ ವಿಷಯ ಕಲಿಸಲು ಕಾಲೇಜಿನಲ್ಲಿ ತಜ್ಞರಾದ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಿ. 2024–25ರಿಂದ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಗರಿಷ್ಠ ಮಿತಿಯನ್ನು ಎಐಸಿಟಿಇ ತೆಗೆದುಹಾಕಿದ ಮೇಲೆ ಬೇಡಿಕೆಯ ವಿಭಾಗಗಳಲ್ಲಿ ಸೀಟು ಹೆಚ್ಚಿಸುವುದು ಸುಲಭವಾಗಿದೆ. ಸೀಟು ಹೆಚ್ಚಿಸಿದಷ್ಟು ಬೇಗ ಒಳ್ಳೆಯ ಅಧ್ಯಾಪಕರು ಸಿಗುವುದಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಮಾತು. 2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರು 1977ರಲ್ಲಿ ವಿಲನೋವಾ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪದವಿ ಪಡೆದವರು. ಲಿಯೋ ಎಂಬ ಹೆಸರು ಆರಿಸಿಕೊಂಡದ್ದೇಕೆಂದು ಅವರು ಕಾರ್ಡಿನಲರಿಗೆ ವಿವರಿಸುವಾಗ, 1891ರಲ್ಲಿ ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದ ಹದಿಮೂರನೇ ಲಿಯೋ ಅವರನ್ನು ನೆನೆದು, ಇಂದಿನ ಕೃತಕ ಬುದ್ಧಿಮತ್ತೆಯೂ ದುಡಿಮೆಗೆ ಹೊಸ ಸವಾಲು ಒಡ್ಡಿದೆ ಎಂದರು. ಸಾಧಾರಣ ಕೋಡಿಂಗನ್ನು ಈಗ ಯಂತ್ರವೇ ಬರೆದುಕೊಡುತ್ತದೆ. ಹಾಗಾಗಿ ಈ ಕ್ಷೇತ್ರದಲ್ಲಿ ನಿಲ್ಲಬಲ್ಲವರು ಬುಡದ ಗಣಿತವನ್ನೂ ಕಂಪ್ಯೂಟರಿನ ಒಳಗಿನ ಕೆಲಸವನ್ನೂ ಗಟ್ಟಿಯಾಗಿ ಕಲಿತವರು. ಮೂರು ತಿಂಗಳ ಕೋರ್ಸಿನಲ್ಲಿ ಕಲಿಯಬಹುದಾದದ್ದನ್ನು ಮಾತ್ರ ಕಲಿತು ಹೊರಬಂದವರಿಗೆ ಕಷ್ಟ.

ಉಳಿದ ಹಳೆಯ ಶಾಖೆಗಳನ್ನು ನಮ್ಮವರು ನೋಡುವ ದೃಷ್ಟಿಯೇ ಬೇರೆ. ಸಿವಿಲ್ ಎಂದರೆ ಬಿಸಿಲು, ಧೂಳು. ಮೆಕ್ಯಾನಿಕಲ್ ಎಂದರೆ ಗ್ರೀಸು. ಕೌನ್ಸೆಲಿಂಗಿನ ಕೊನೆಯ ಸುತ್ತು ಮುಗಿದಾಗಲೂ ಈ ಎರಡರಲ್ಲಿ ಸಾಕಷ್ಟು ಸೀಟುಗಳು ಖಾಲಿ ಉಳಿಯುತ್ತಿವೆ. ಆದರೆ ನಮ್ಮ ಕರಾವಳಿಯನ್ನು ಒಮ್ಮೆ ಕಣ್ಣು ಬಿಟ್ಟು ನೋಡಿ. ಮಂಗಳೂರಿನಲ್ಲಿ 15 ಲಕ್ಷ ಟನ್ ಮತ್ತು ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಬೃಹತ್ ಗುಹೆಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆದು ಮಾಡಿದ್ದಾರೆ. ಇದು ಸಿವಿಲ್ ಇಂಜಿನಿಯರರ ಕೆಲಸ. ಉಳ್ಳಾಲದ ಕಡಲ್ಕೊರೆತ ತಡೆಯುವುದು, ಪ್ರತಿ ಮಳೆಗಾಲ ಜರಿಯುವ ಶಿರಾಡಿ ಘಾಟಿಯ ರಸ್ತೆ ನಿಲ್ಲಿಸುವುದು ಅದೇ ಶಾಖೆಯವರ ಹೊಣೆ. ಸಮುದ್ರ ಏರುತ್ತಿರುವ ಕಾಲದಲ್ಲಿ ಕರಾವಳಿಗೆ ಈ ವಿದ್ಯೆ ಬೇಡವೆನ್ನಲಾದೀತೇ? ಆರಂಭದ ಸಂಬಳ ಕಡಿಮೆ, ಸೈಟಿನಲ್ಲಿ ನಿಲ್ಲಬೇಕು, ಊರೂರು ಅಲೆಯಬೇಕು, ಇದೆಲ್ಲ ನಿಜ. ಆದರೆ ಸಿವಿಲ್‌ನಲ್ಲಿ ವಯಸ್ಸಿನೊಂದಿಗೆ ಬೆಲೆ ಏರುತ್ತದೆ. ಐವತ್ತು ದಾಟಿದ ಅನುಭವಿ ಸೈಟ್ ಇಂಜಿನಿಯರನ್ನು ಕಂಪೆನಿ ಹುಡುಕಿಕೊಂಡು ಬರುತ್ತದೆ. ಸಾಫ್ಟ್‌ವೇರಿನಲ್ಲಿ ಐವತ್ತು ದಾಟಿದವರು ಹುಷಾರಾಗಿರುತ್ತಾರೆ.

ಮೆಕ್ಯಾನಿಕಲ್ ಓದಿದವರಿಗೆ ಎಂಆರ್‌ಪಿಎಲ್, ಎಂಸಿಎಫ್, ಪಣಂಬೂರಿನ ಬಂದರು ಇವೆಯೆಂದು ಎಲ್ಲರಿಗೂ ಗೊತ್ತು. ಮಲ್ಪೆಯ ಹಡಗು ನಿರ್ಮಾಣ ಕಾರ್ಖಾನೆಯ ಬಗ್ಗೆ ನಮ್ಮ ಯುವಜನರಿಗೆ ಅಷ್ಟಾಗಿ ತಿಳಿದಿಲ್ಲ. ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಅದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡಿತು. ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಅದಕ್ಕೆ ನಾರ್ವೆಯ ಕಂಪೆನಿಯಿಂದ ಸರಕು ಹಡಗು ಕಟ್ಟುವ ಬೇಡಿಕೆಯೂ ಬಂದಿದೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ವೆಲ್ಡಿಂಗ್ ಬಲ್ಲವರೆಲ್ಲರಿಗೂ ಅಲ್ಲಿ ಕೆಲಸವಿರುತ್ತದೆ. ಹಡಗಿನ ವಿನ್ಯಾಸವನ್ನೇ ಕಲಿಯಬಯಸುವವರಿಗೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ನೇವಲ್ ಆರ್ಕಿಟೆಕ್ಚರ್ ಬಿ.ಟೆಕ್. ಇದೆ. ನಮ್ಮಿಂದ ಒಂದು ರಾತ್ರಿಯ ರೈಲು ಪ್ರಯಾಣದ ದೂರ.

ಎಲೆಕ್ಟ್ರಿಕಲ್ ಶಾಖೆಯನ್ನು ಹೆಣ್ಣುಮಕ್ಕಳ ಹೆತ್ತವರು ಏಕೋ ಹಿಂದೆ ಸರಿಸುತ್ತಾರೆ. ಸೌರಶಕ್ತಿ, ವಿದ್ಯುತ್ ವಾಹನ, ವಿದ್ಯುತ್ ಜಾಲದ ನಿರ್ವಹಣೆ, ಎಲ್ಲ ಕಡೆ ಇಂದು ಕೆಲಸ ಹೆಚ್ಚುತ್ತಿರುವುದು ಇದೇ ಶಾಖೆಯಲ್ಲಿ. ಪಾವಗಡದ ಸೌರ ಪಾರ್ಕ್ 2050 ಮೆಗಾವಾಟಿನದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ನಿರಂತರ 962 ದಿನ ನಡೆದು ಅಂದಿನ ವಿಶ್ವದಾಖಲೆ ಮಾಡಿತು, ಅಲ್ಲೀಗ ತಲಾ 700 ಮೆಗಾವಾಟಿನ ಎರಡು ಹೊಸ ಘಟಕಗಳು ಏಳುತ್ತಿವೆ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಚಿಪ್ ತಯಾರಿಕೆಯ ಬಾಗಿಲು ತೆರೆಯುತ್ತಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇದಕ್ಕಾಗಿ 76 ಸಾವಿರ ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಚಿಪ್ ವಿನ್ಯಾಸದ ಕೆಲಸ ಬೆಂಗಳೂರಿನಲ್ಲಿ ಹಿಂದಿನಿಂದಲೂ ಇದೆ. ಎಲೆಕ್ಟ್ರಾನಿಕ್ಸ್‌ನವರು ಬೇಕಾದರೆ ಸಾಫ್ಟ್‌ವೇರಿಗೂ ಹೋಗಬಹುದು. ಸಾಫ್ಟ್‌ವೇರಿನವರು ಚಿಪ್ ವಿನ್ಯಾಸಕ್ಕೆ ಬರುವುದು ಅಷ್ಟು ಸುಲಭವಲ್ಲ.

ಕೆಮಿಕಲ್ ಇಂಜಿನಿಯರಿಂಗ್ ಎಂದರೆ ಕೆಮಿಸ್ಟ್ರಿ ಎಂದು ತಿಳಿದು ಸೇರಿ ಪೇಚಾಡುವವರಿದ್ದಾರೆ. ಅದರಲ್ಲಿ ಹೆಚ್ಚಿನದು ಗಣಿತ, ಶಾಖ ಮತ್ತು ಹರಿವಿನ ಲೆಕ್ಕ. ರಸಾಯನಶಾಸ್ತ್ರವೇ ಪ್ರೀತಿ ಎನ್ನುವವರು ಬಿ.ಎಸ್ಸಿ., ಎಂ.ಎಸ್ಸಿ. ಮಾಡುವುದು ಲೇಸು. ಬಯೋಟೆಕ್ನಾಲಜಿಗೆ ಬಿ.ಇ. ಮಾತ್ರ ಸಾಲುವುದಿಲ್ಲ, ಮುಂದಿನ ಓದಿಗೂ ಮನಸ್ಸಿರಬೇಕು. ಏರೋನಾಟಿಕಲ್ ಓದಿದವರು ವಿಮಾನ ಹಾರಿಸುವುದೂ ಇಲ್ಲ, ಆ ಪದವಿಯ ಬಲದಿಂದ ನಿಲ್ದಾಣದಲ್ಲಿ ವಿಮಾನ ದುರಸ್ತಿಗೆ ಸಹಿ ಹಾಕುವುದೂ ಇಲ್ಲ. ದುರಸ್ತಿಗೆ ಡಿಜಿಸಿಎ ಕೊಡುವ ಪ್ರತ್ಯೇಕ ಪರವಾನಿಗೆ ಬೇಕು, ಅದಕ್ಕೆ ಬೇರೆಯೇ ಕೋರ್ಸ್ ಇದೆ.

ಹಡಗಿನ ಇಂಜಿನ್ ರೂಮಿನ ಕೆಲಸ ನಮ್ಮ ಸಮುದಾಯಕ್ಕೆ ಹೊಸದಲ್ಲ. ಮೆರೈನ್ ಇಂಜಿನಿಯರಿಂಗ್‌ಗೆ ನಾಲ್ಕು ವರ್ಷದ ಪದವಿ ಇದೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಒಂದು ವರ್ಷದ ತರಬೇತಿ ಪಡೆದೂ ಸೇರಬಹುದು, ಮತ್ತು ಎರಡನೆಯ ದಾರಿ ಹೆಚ್ಚು ಸುರಕ್ಷಿತ, ಏಕೆಂದರೆ ಹಡಗು ಒಗ್ಗದಿದ್ದರೆ ದಡದ ಪದವಿ ಕೈಯಲ್ಲಿರುತ್ತದೆ. ಸೇರುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವ ದೋಷವಿದ್ದರೆ ಅಲ್ಲಿಗೇ ಮುಗಿಯಿತು. ಸಂಸ್ಥೆಗೆ ಹಡಗು ಮಹಾನಿರ್ದೇಶನಾಲಯದ ಒಪ್ಪಿಗೆ ಇದೆಯೋ ಎಂದು ನೋಡದೆ ಏಜೆಂಟರ ಕೈಗೆ ಹಣ ಕೊಡಬೇಡಿ. ಹೀಗೆ ಹಣ ಕಳೆದುಕೊಂಡು ಮನೆಯಲ್ಲೇ ಕುಳಿತ ಹುಡುಗರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ.

ಎನ್‌ಬಿಎ ಎಂಬ ಮೂರು ಅಕ್ಷರ

ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ಇದನ್ನು ಕಷ್ಟಪಟ್ಟು ಕಲಿತರು. 2018ರಲ್ಲಿ ಕುವೈತ್ ಸರಕಾರ ಇಂಜಿನಿಯರರ ವಾಸ್ತವ್ಯ ಪರವಾನಿಗೆ ನವೀಕರಿಸಲು ಅಲ್ಲಿನ ಇಂಜಿನಿಯರರ ಸೊಸೈಟಿಯ ಒಪ್ಪಿಗೆ ಕಡ್ಡಾಯ ಮಾಡಿತು. ಸೊಸೈಟಿ ಭಾರತದ ಪದವಿಗಳಿಗೆ ಎನ್‌ಬಿಎ ಮಾನ್ಯತೆ ಕೇಳಿತು. ಎನ್‌ಬಿಎ ಅಂದರೆ ರಾಷ್ಟ್ರೀಯ ಮಾನ್ಯತಾ ಮಂಡಳಿ ಸ್ಥಾಪನೆಯಾದದ್ದೇ 1994ರಲ್ಲಿ. ಅದಕ್ಕೆ ಮುಂಚೆ ಓದಿ ಹತ್ತಿಪ್ಪತ್ತು ವರ್ಷ ದುಡಿದವರೂ ಸಿಕ್ಕಿಬಿದ್ದರು. ಕೆಲವರು ಇಂಜಿನಿಯರ್ ಎಂಬ ಹುದ್ದೆ ಬಿಟ್ಟು ಬೇರೆ ಹೆಸರಿನ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾಯಿತು.

ಎನ್‌ಬಿಎ ಮಾನ್ಯತೆ ಕಾಲೇಜಿಗೆ ಕೊಡುವಂಥದ್ದಲ್ಲ, ಒಂದೊಂದು ವಿಭಾಗಕ್ಕೆ ಪ್ರತ್ಯೇಕವಾಗಿ, ನಿರ್ದಿಷ್ಟ ಅವಧಿಗೆ ಕೊಡುವಂಥದ್ದು. ಒಂದೇ ಕಾಲೇಜಿನ ಮೆಕ್ಯಾನಿಕಲ್‌ಗೆ ಇದ್ದು ಹೊಸದಾಗಿ ತೆರೆದ ಡೇಟಾ ಸಯನ್ಸ್‌ಗೆ ಇಲ್ಲದಿರಬಹುದು. “ನಮ್ಮದು ನ್ಯಾಕ್ ಎ ಪ್ಲಸ್” ಎಂದು ಕಾಲೇಜಿನವರು ಹೇಳಿದರೆ ಅದು ಇಡೀ ಸಂಸ್ಥೆಯ ಮಾತು, ಎನ್‌ಬಿಎ ಬೇರೆ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಆ ಒಪ್ಪಂದದ ದೇಶಗಳು ಪರಸ್ಪರರ ಇಂಜಿನಿಯರಿಂಗ್ ಪದವಿಗೆ ಬೆಲೆ ಕೊಡಲು ನೋಡುವುದು ಈ ಮಾನ್ಯತೆಯನ್ನೇ. ವಿದೇಶಕ್ಕೆ ಹೋಗುವ ಯೋಚನೆ ಇರುವ ಮನೆಯಲ್ಲಿ, ಅಂದರೆ ನಮ್ಮ ಕಡೆ ಪ್ರತಿ ಎರಡನೇ ಮನೆಯಲ್ಲಿ, ಇದನ್ನು ಕೇಳದೆ ಅಡ್ಮಿಶನ್ ಮಾಡಬಾರದು. ಧರ್ಮಪ್ರಾಂತ್ಯದ್ದೇ ಆದ, 2002ರಲ್ಲಿ ಆರಂಭವಾದ ವಾಮಂಜೂರಿನ ಸಂತ ಜೋಸೆಫರ ಇಂಜಿನಿಯರಿಂಗ್ ಕಾಲೇಜಿನಲ್ಲೂ ಇದೇ ಪ್ರಶ್ನೆಯನ್ನು ನಿಸ್ಸಂಕೋಚವಾಗಿ ಕೇಳಬಹುದು.

ಸರಕಾರಿ ಕೆಲಸದ ವಿಷಯಕ್ಕೂ ವಿಭಾಗಕ್ಕೂ ಸಂಬಂಧವಿದೆ. ಯುಪಿಎಸ್‌ಸಿ ನಡೆಸುವ ಇಂಜಿನಿಯರಿಂಗ್ ಸೇವಾ ಪರೀಕ್ಷೆ ಇರುವುದು ನಾಲ್ಕೇ ವಿಭಾಗಗಳಲ್ಲಿ: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮತ್ತು ಎಲೆಕ್ಟ್ರಾನಿಕ್ಸ್–ಟೆಲಿಕಮ್ಯುನಿಕೇಶನ್. ಕಂಪ್ಯೂಟರ್ ಅದರಲ್ಲಿ ಇಲ್ಲ. ಲೋಕೋಪಯೋಗಿ ಇಲಾಖೆ, ಮೆಸ್ಕಾಂ, ಕೆಪಿಟಿಸಿಎಲ್ ಸಹಾಯಕ ಇಂಜಿನಿಯರ್ ಹುದ್ದೆಗಳೂ ಮುಖ್ಯವಾಗಿ ಸಿವಿಲ್, ಎಲೆಕ್ಟ್ರಿಕಲ್‌ನವರಿಗೆ. ಕೇಂದ್ರದ ಹಲವು ಸಾರ್ವಜನಿಕ ಕಂಪೆನಿಗಳು ಗೇಟ್ ಅಂಕ ನೋಡಿ ಕರೆಯುತ್ತವೆ. ನಮ್ಮ ಯುವಜನರು ಈ ಪರೀಕ್ಷೆಗಳ ಅರ್ಜಿಯನ್ನೇ ಹಾಕುವುದಿಲ್ಲ, ಆಮೇಲೆ ಸರಕಾರಿ ಕಚೇರಿಗಳಲ್ಲಿ ನಮ್ಮವರಿಲ್ಲ ಎಂದು ಸಭೆಗಳಲ್ಲಿ ನಾವು ಭಾಷಣ ಮಾಡುತ್ತೇವೆ.

ಡಿಪ್ಲೊಮಾ ಕೀಳೇ?

ಎಸೆಸೆಲ್ಸಿಯಲ್ಲಿ ಸಾಧಾರಣ ಅಂಕ ಪಡೆದು, ಕೈಕೆಲಸದಲ್ಲಿ ಚುರುಕಾದ ಹುಡುಗನನ್ನು ಒತ್ತಾಯದಿಂದ ಪಿಯುಸಿ ವಿಜ್ಞಾನಕ್ಕೆ ಸೇರಿಸಿ, ಎರಡು ವರ್ಷ ಟ್ಯೂಶನ್ನಿಗೆ ಓಡಾಡಿಸುವುದು ನಮ್ಮಲ್ಲಿ ಸಾಮಾನ್ಯ. ಕಾರಣ, ಪಾಲಿಟೆಕ್ನಿಕ್ ಎಂದರೆ ಮರ್ಯಾದೆಗೆ ಕಡಿಮೆ. ಮಂಗಳೂರಿನ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ. ಈ ಭಾಗದ ಕಾರ್ಖಾನೆಗಳನ್ನು ನಡೆಸಿದ ಕೈಗಳಲ್ಲಿ ಎಷ್ಟೋ ಅಲ್ಲಿ ಪಳಗಿದವು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಹಾಗೆ ಬಂದವರು ಗಣಿತದಲ್ಲಿ ಮೊದಲು ಎಡವುತ್ತಾರೆ, ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಜಪ್ಪುವಿನಲ್ಲಿ ಯೇಸುಸಭೆಯ ಗುರುಗಳು ಬಡ ಹುಡುಗರಿಗೆ ಬಡಗಿ ಕೆಲಸ, ಎರಕದ ಕೆಲಸ ಕಲಿಸಿದ ಕಾಲದಲ್ಲಿ ಅದನ್ನು ಕೀಳೆಂದು ಯಾರೂ ಅನ್ನಲಿಲ್ಲ. ಸಂತ ಜೋಸೆಫರ ವೃತ್ತಿಗೆ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಬಳಸಿದ ಪದ ‘ತೆಕ್ತೋನ್’. ನಾವು ಬಡಗಿ ಎಂದು ಅನುವಾದಿಸುತ್ತೇವೆ, ಆದರೆ ಆ ಪದಕ್ಕೆ ಕಟ್ಟುವವನು, ಕುಶಲಕರ್ಮಿ ಎಂಬ ಅರ್ಥವೂ ಇದೆ.

ಸೀಟು, ಸಾಲ, ಕಾಗದಪತ್ರ

ಈ ಭಾಗವನ್ನು ಹೆತ್ತವರು ಮಾತ್ರವಲ್ಲದೆ ವಾಳೆಯ ಗುರಿಕಾರರೂ ಪಾಲನಾ ಮಂಡಳಿಯವರೂ ಓದಬೇಕೆಂದು ಕೋರುತ್ತೇವೆ. ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಸುರತ್ಕಲ್ಲಿನ ಎನ್‌ಐಟಿಕೆಗೆ ಮಾತ್ರ ಸಿಇಟಿ ನಡೆಯುವುದಿಲ್ಲ, ಜೆಇಇ ಮೈನ್ ಬರೆಯಬೇಕು. ಅಲ್ಲಿನ ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೇ ಮೀಸಲು, 2018ರಿಂದ ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸೀಟುಗಳೂ ಇವೆ. ಹೀಗಿದ್ದೂ ನಮ್ಮ ಮಕ್ಕಳು ಪ್ರಯತ್ನಿಸುವುದು ಕಡಿಮೆ.

ಮೀಸಲಾತಿಯ ಬಗ್ಗೆ ನಮ್ಮವರಿಗೆ ಇರುವ ಅಜ್ಞಾನ ನೋಡಿ ಬೇಸರವಾಗುತ್ತದೆ. ಕರ್ನಾಟಕದಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿ ಬರುತ್ತಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳಿವೆ. ಇವುಗಳಿಗೆ ಶಾಲೆಯ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನಮ್ಮ ಚರ್ಚ್ ಶಾಲೆಗಳಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಇದನ್ನು ಬಿಟ್ಟುಬಿಡುತ್ತಿದ್ದಾರೆ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇ. 5 ಹೆಚ್ಚುವರಿ ಸೀಟುಗಳಿವೆ, ಎಸ್‌ಎನ್‌ಕ್ಯು ಎಂದು ಅದನ್ನು ಕರೆಯುತ್ತಾರೆ. ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಸಮುದಾಯದ ಸೀಟುಗಳು ಬೇರೆ.

ಈಗ ಹಣದ ಮಾತು. ಸಿಇಟಿಯಲ್ಲಿ ಮೆಕ್ಯಾನಿಕಲ್ ಸಿಗುತ್ತಿರುವಾಗ ಅದನ್ನು ಬಿಟ್ಟು, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರಿಗೆ 10 ಲಕ್ಷ ಸಾಲ ಮಾಡಿದಿರೆಂದು ಇಟ್ಟುಕೊಳ್ಳಿ. ಶೇ. 10.5 ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 13,500 ರೂಪಾಯಿ, ಓದುವ ಕಾಲದ ಬಡ್ಡಿ ಬೇರೆ. ದೊಡ್ಡ ಐಟಿ ಕಂಪೆನಿಗಳು ಸಾಮಾನ್ಯ ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಹತ್ತು ಹದಿನೈದು ವರ್ಷಗಳಲ್ಲಿ ಅದು ಹೆಚ್ಚೇನೂ ಏರಿಲ್ಲ. ಅಂದರೆ ಕೈಗೆ ಬರುವ ಸಂಬಳದ ಅರ್ಧ ಸಾಲಕ್ಕೆ, ಉಳಿದದ್ದು ಬೆಂಗಳೂರಿನ ಬಾಡಿಗೆಗೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಆದರೆ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಅನ್ವಯಿಸುವುದಿಲ್ಲ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವೂ ಸಿಇಟಿಯಂಥ ಪರೀಕ್ಷೆಯ ಮೂಲಕ ಸೀಟು ಪಡೆದವರಿಗೆ. ಶಾಖೆಯೊಂದನ್ನು ಆಮೇಲೆ ಬದಲಿಸಿಕೊಳ್ಳಲು ದಾರಿಗಳಿವೆ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿನಲ್ಲಿರುವವರು ಬೆಂಗಳೂರಿನ ತುಂಬಾ ಇದ್ದಾರೆ. ಸಾಲವನ್ನು ಹಾಗೆ ಬದಲಿಸಲಾಗುವುದಿಲ್ಲ.

ಆಪ್ಶನ್ ಎಂಟ್ರಿಯನ್ನು ಸೈಬರ್ ಸೆಂಟರಿನವರ ಕೈಗೆ ಒಪ್ಪಿಸಬೇಡಿ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಆದುದರಿಂದ ಸಿಗಬಹುದಾದದ್ದನ್ನು ಮೇಲೆ ಬರೆಯದೆ, ಬೇಕಾದದ್ದನ್ನು ಮೇಲೆ ಬರೆಯಬೇಕು, ಸಿಗುವ ಸಂಭವವಿರುವ ಸಾಕಷ್ಟು ಆಯ್ಕೆಗಳನ್ನು ಕೆಳಗೆ ಸೇರಿಸಬೇಕು. ಹಿಂದಿನ ವರ್ಷಗಳ ಕಟಾಫ್ ರ‍್ಯಾಂಕುಗಳು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಇವೆ. ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಆಯ್ಕೆಗಳಲ್ಲಿ ಎರಡನೆಯದು ಸಿಕ್ಕಿದ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಕಾಯುವುದು. ಇವೆರಡನ್ನು ಅದಲುಬದಲು ಮಾಡಿ ಸೀಟು ಕಳೆದುಕೊಂಡವರಿದ್ದಾರೆ. ಪಾಸ್‌ವರ್ಡ್ ಮತ್ತು ಮೊಬೈಲಿಗೆ ಬರುವ ಓಟಿಪಿಯನ್ನು ಯಾವ ಏಜೆಂಟರಿಗೂ ಹೇಳಬಾರದು.

ಧರ್ಮಕೇಂದ್ರಗಳಲ್ಲಿ ಐಸಿವೈಎಂನವರು, ಕಥೊಲಿಕ್ ಸಭಾದವರು ಸೇರಿ ಆಪ್ಶನ್ ಎಂಟ್ರಿಯ ಒಂದು ವಾರ ಸಂಜೆ ಚರ್ಚ್ ಸಭಾಂಗಣದಲ್ಲಿ ಎರಡು ಕಂಪ್ಯೂಟರ್ ಇಟ್ಟು, ಆಗಲೇ ಇಂಜಿನಿಯರಿಂಗ್ ಓದುತ್ತಿರುವ ನಾಲ್ಕು ಮಂದಿಯನ್ನು ಕೂರಿಸಿದರೆ ಸಾಕು, ದೊಡ್ಡ ಸೇವೆಯಾಗುತ್ತದೆ. ಭಾಷಣದ ವಿಚಾರ ಸಂಕಿರಣ ಬೇಡ. ಸಿವಿಲ್‌ನಲ್ಲಿ ದುಡಿಯುವ ಒಬ್ಬರು, ಹಡಗಿನಿಂದ ರಜೆಯಲ್ಲಿ ಬಂದ ಒಬ್ಬರು, ಐಟಿಯಲ್ಲಿ ಕೆಲಸ ಕಳೆದುಕೊಂಡು ಮತ್ತೆ ಎದ್ದುನಿಂತ ಒಬ್ಬರು ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡಲಿ. ಹೆತ್ತವರು ಆ ಹೊತ್ತಿಗೆ ಹೊರಗೆ ಕುಳಿತಿರಲಿ.

ಕೊನೆಗೆ, ನಮ್ಮವರಿಗೇ ಹೆಚ್ಚಾಗಿ ಬರುವ ಒಂದು ತೊಡಕು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಡಿ ಅಕ್ಷರದ ನಂತರ ಮೇಲೊಂದು ಚಿಹ್ನೆ ಹಾಕಿದ ಡಿಸೋಜ, ಆಧಾರ್ ಕಾರ್ಡಿನಲ್ಲಿ ಚಿಹ್ನೆ ಇಲ್ಲದ ಡಿಸೋಜ, ತಹಶೀಲ್ದಾರರ ಜಾತಿ ಮತ್ತು ಆದಾಯ ಪತ್ರದಲ್ಲಿ ಡಿ ಬೇರೆ, ಸೋಜ ಬೇರೆ. ಜ್ಞಾನಸ್ನಾನದ ದಾಖಲೆಯಲ್ಲಿ ಅಜ್ಜನ ಹೆಸರೂ ಸೇರಿ ನಾಲ್ಕನೆಯ ರೂಪ. ದಾಖಲೆ ಪರಿಶೀಲನೆಯಲ್ಲಿ ಈ ವ್ಯತ್ಯಾಸಕ್ಕೆ 3ಬಿ ಹಕ್ಕು ಕೈತಪ್ಪಬಹುದು, ಅರ್ಜಿ ತಡವಾಗಬಹುದು. ತಿದ್ದುಪಡಿಗೆ ವಾರಗಳೇ ಹಿಡಿಯುತ್ತವೆ. ಆದ್ದರಿಂದ ಈಗ ಪ್ರಥಮ ಪಿಯುಸಿಯಲ್ಲಿರುವ ಮಕ್ಕಳ ಹೆತ್ತವರು ಈ ವರ್ಷವೇ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಲಿ. ಚರ್ಚ್ ಕಚೇರಿಯಿಂದ ಬೇಕಾದ ದೃಢೀಕರಣಕ್ಕೆ ಆಯಾ ಧರ್ಮಗುರುಗಳನ್ನು ಮೇ ತಿಂಗಳ ನೂಕುನುಗ್ಗಲಿಗೆ ಮೊದಲೇ ಕಾಣಬಹುದು.